ಗಾಲ್ಫ್ ಬಿಟ್ಟುಕೊಟ್ಟ ನೆಲದಲ್ಲಿ ಚೆಂಡಿಲ್ಲದ ಆಟ

ನಾಗಪುರದ ವೈಶಾಖದಲ್ಲಿ, ಬಿಸಿಲು 45 ಡಿಗ್ರಿಯ ಗೆರೆಯನ್ನು ದಾಟಿ, ಹಗಲು ಹನ್ನೊಂದಾಗುವುದರೊಳಗೆ ಸೀತಾಬರ್ಡಿಯ ಬೀದಿಗಳೂ ಬಿಕೋ ಎನ್ನತೊಡಗುವ ದಿನಗಳಲ್ಲಿ, ಎಲ್ಲಿಯಾದರೂ ಅಖಂಡವಾದ ಹಸುರು ಹುಲ್ಲುಹಾಸು ಕಣ್ಣಿಗೆ ಬಿದ್ದರೆ, ಈ ಊರಿನಲ್ಲಿ ಬಹುಕಾಲ ಬಾಳಿದವನಿಗೆ ಅದರ ಸೌಂದರ್ಯಕ್ಕಿಂತ ಮುಂಚೆ ಅದಕ್ಕೆ ಹನಿಸಿದ ನೀರಿನ ಲೆಕ್ಕ ಮನಸ್ಸಿಗೆ ಬರುತ್ತದೆ. ಪೇಂಚ್ ಜಲಾಶಯವನ್ನೂ ಕನ್ಹಾನ್ ನದಿಯನ್ನೂ ನೆಚ್ಚಿ ಬದುಕುವ ನಗರದಲ್ಲಿ ಆ ಲೆಕ್ಕ ಸಣ್ಣದಲ್ಲ. ಅದೇ ಬಿಸಿಲಿನಲ್ಲಿ ಸೆಮಿನರಿ ಹಿಲ್ಸ್‌ನ ಕಡೆಗೆ ನಡೆದರೆ, ತೇಗವು ಎಲೆಯನ್ನೆಲ್ಲ ಉದುರಿಸಿಕೊಂಡು, ಮುತ್ತುಗವು ಹೂವಿನ ಕಾಲವನ್ನು ಮುಗಿಸಿಕೊಂಡು, ಬೇವು ಮಾತ್ರ ಹೊಸ ಚಿಗುರಿನಿಂದ ನಳನಳಿಸುತ್ತ, ಯಾರೊಬ್ಬರೂ ಕೊಡ ನೀರೆರೆಯದೆ ನಿಂತಿರುವ ಕಾಡು ಕಾಣುತ್ತದೆ. ಮನುಷ್ಯನ ಕ್ರೀಡೆಗೆ ಈ ಎರಡರಲ್ಲಿ ಯಾವ ಬಗೆಯ ನೆಲ ತಕ್ಕುದೆಂಬ ಪ್ರಶ್ನೆಗೆ ಗಾಲ್ಫ್ ಎಂಬ ಆಟವು ಶತಮಾನಗಳ ಹಿಂದೆಯೇ ಹುಲ್ಲಿನ ಪರವಾಗಿ ಉತ್ತರ ಕೊಟ್ಟಿತು. ಅದರ ದಾಯಾದಿಯಾದ ಡಿಸ್ಕ್ ಗಾಲ್ಫ್ ಈಚಿನ ಐವತ್ತು ವರ್ಷಗಳಿಂದ ಮರಗಳ ಪರವಾಗಿ ವಾದಿಸುತ್ತಿದೆ. ಹಿರಿಯನು ಬಿಟ್ಟುಹೋದ ನೆಲದಲ್ಲಿಯೇ ಕಿರಿಯನು ಮನೆಮಾಡಿಕೊಂಡಿರುವ ನಿದರ್ಶನಗಳು ಅಮೆರಿಕದಲ್ಲಿ ಈಗ ಒಂದೆರಡಲ್ಲ.

ಡಿಸ್ಕ್ ಗಾಲ್ಫಿನ ನಿಯಮಗಳು ಮಕ್ಕಳಿಗೂ ಒಂದು ಗಳಿಗೆಯಲ್ಲಿ ತಿಳಿಯತಕ್ಕವು. ಚೆಂಡು, ಕೋಲು, ಕುಳಿಗಳ ಸ್ಥಾನದಲ್ಲಿ ಇಲ್ಲಿ ಗೇಣಗಲದ ಪ್ಲಾಸ್ಟಿಕ್ ತಟ್ಟೆ, ಆಡುವವನ ತೋಳು, ಮತ್ತು ಕಂಬವೊಂದರ ಸುತ್ತ ಸರಪಳಿಗಳನ್ನು ಇಳಿಬಿಟ್ಟು ಕೆಳಗೆ ಜೋಡಿಸಿದ ಕಬ್ಬಿಣದ ಬುಟ್ಟಿ. ನಿಯತವಾದ ಕಟ್ಟೆಯಿಂದ ತಟ್ಟೆಯನ್ನು ಎಸೆದು, ಅದು ಬಿದ್ದ ಸ್ಥಳದಿಂದ ಮತ್ತೆ ಎಸೆದು, ಸರಪಳಿಗೆ ತಗುಲಿ ಬುಟ್ಟಿಯಲ್ಲಿ ಕುಳಿತುಕೊಳ್ಳುವವರೆಗೆ ಎಷ್ಟು ಎಸೆತಗಳಾದುವೋ ಅಷ್ಟು ಅಂಕ; ಹದಿನೆಂಟು ಬುಟ್ಟಿಗಳ ಸುತ್ತು ಮುಗಿದಾಗ ಯಾರ ಮೊತ್ತ ಕಡಿಮೆಯೋ ಅವನೇ ಜಯಶಾಲಿ. ಬುಟ್ಟಿಗೆ ಹತ್ತು ಮೀಟರಿನೊಳಗೆ ಬಂದಮೇಲೆ ಎಸೆದ ರಭಸದಲ್ಲಿ ಮುಂದಕ್ಕೆ ಮುಗ್ಗರಿಸುವಂತಿಲ್ಲ, ನಿಂತಲ್ಲಿಯೇ ಸಮತೋಲವನ್ನು ಕಾಯ್ದುಕೊಳ್ಳಬೇಕು. ಕಳೆದುಹೋದ ತಟ್ಟೆಯನ್ನು ಹುಡುಕಲು ಮೂರು ನಿಮಿಷಗಳಿಗಿಂತ ಹೆಚ್ಚು ಅವಕಾಶವಿಲ್ಲ. ಉಳಿದದ್ದೆಲ್ಲ ತೋಳಿಗೂ ಗಾಳಿಗೂ ಮರಗಳಿಗೂ ಸಂಬಂಧಿಸಿದ ವ್ಯವಹಾರ.

ತಗಡಿನ ಮುಚ್ಚಳದಿಂದ ಸರಪಳಿಯ ಬುಟ್ಟಿಯವರೆಗೆ

ಈ ಆಟದ ವಂಶಾವಳಿ ರಾಜಾಸ್ಥಾನಗಳಿಂದ ಹೊರಟದ್ದಲ್ಲ. 1926ರಲ್ಲಿ ಕೆನಡಾದ ಬ್ಲಾಡ್‌ವರ್ತ್ ಎಂಬ ಹಳ್ಳಿಯ ಶಾಲಾಬಾಲಕರು ತಗಡಿನ ಮುಚ್ಚಳಗಳನ್ನು ಗುರಿಯತ್ತ ಎಸೆದು ಆಡುತ್ತಿದ್ದರು. ಮುಂದಿನ ದಶಕದಲ್ಲಿ ಕ್ಯಾಲಿಫೋರ್ನಿಯದ ಫ್ರೆಡ್ ಮಾರಿಸನ್ ಎಂಬ ತರುಣನು ಸಮುದ್ರತೀರದಲ್ಲಿ ಕೇಕಿನ ತಗಡು ತಟ್ಟೆಯನ್ನು ಗೆಳತಿಯತ್ತ ಎಸೆದು ಆಡುತ್ತಿದ್ದಾಗ, ಐದು ಸೆಂಟಿನ ಆ ತಟ್ಟೆಗೆ ದಾರಿಹೋಕನೊಬ್ಬನು ಇಪ್ಪತ್ತೈದು ಸೆಂಟು ಕೊಡಲು ಮುಂದಾದುದರಿಂದ ಅವನ ವ್ಯಾಪಾರಬುದ್ಧಿ ಎಚ್ಚೆತ್ತಿತು. ಯುದ್ಧಾನಂತರ ಅವನು ರೂಪಿಸಿದ ಪ್ಲಾಸ್ಟಿಕ್ ತಟ್ಟೆಯ ಹಕ್ಕನ್ನು 1957ರಲ್ಲಿ ವ್ಯಾಮ್-ಓ ಸಂಸ್ಥೆ ಕೊಂಡುಕೊಂಡಿತು. ಫ್ರಿಸ್ಬಿ ಎಂಬ ಹೆಸರಿನಲ್ಲಿ ಜಗತ್ತನ್ನೆಲ್ಲ ಸುತ್ತಿ, ನಮ್ಮ ಬೆಂಗಳೂರು, ಚೆನ್ನೈಗಳ ಮೈದಾನಗಳಿಗೂ ಬಂದಿಳಿದ ಆಟಿಕೆ ಅದೇ.

ಆಟಿಕೆಯನ್ನು ಕ್ರೀಡೆಯನ್ನಾಗಿ ಮಾಡಿದವನು ಅದೇ ಸಂಸ್ಥೆಯಲ್ಲಿದ್ದ ಎಡ್ ಹೆಡ್ರಿಕ್. 1975ರಲ್ಲಿ ಲಾಸ್ ಏಂಜಲೀಸಿನ ಸಮೀಪದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲನೆಯ ಶಾಶ್ವತ ಅಂಗಳವನ್ನು ಅವನು ನಿಯೋಜಿಸಿದನು. ಮರುವರ್ಷ ವೃತ್ತಿಪರ ಆಟಗಾರರ ಸಂಘವನ್ನು ಹುಟ್ಟುಹಾಕಿದನು. ಮೊದಮೊದಲು ಬರಿಯ ಕಂಬಗಳಾಗಿದ್ದ ಗುರಿಗಳು ವಿವಾದಕ್ಕೆ ಎಡೆಗೊಟ್ಟಾಗ, ತಟ್ಟೆ ತಗುಲಿತೇ ಇಲ್ಲವೇ ಎಂಬ ಜಗಳವೇ ಹುಟ್ಟದಂತೆ ಸರಪಳಿಯ ಬುಟ್ಟಿಯನ್ನು ಕಲ್ಪಿಸಿ, 1977ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. 2002ರಲ್ಲಿ ಅವನು ತೀರಿಕೊಂಡಾಗ, ಅವನದೇ ಇಚ್ಛೆಯಂತೆ, ಚಿತಾಭಸ್ಮದ ಅಂಶವನ್ನು ಪ್ಲಾಸ್ಟಿಕ್ಕಿನೊಡನೆ ಬೆರೆಸಿ ತಟ್ಟೆಗಳನ್ನು ಅಚ್ಚುಹಾಕಲಾಯಿತು. ಅಸ್ಥಿಯನ್ನು ನದಿಯಲ್ಲಿ ವಿಸರ್ಜಿಸುವ ನಮಗೆ ಇದು ವಿಚಿತ್ರವೆನಿಸಬಹುದು; ತಾನು ಕಟ್ಟಿದ ಆಟದಲ್ಲಿಯೇ ಲೀನನಾಗಬೇಕೆಂಬ ಆಸೆಯಾದರೋ ನಮಗೆ ಅಪರಿಚಿತವಾದದ್ದೇನಲ್ಲ.

ಹೊಸ ತಟ್ಟೆಗಳು ಹಳೆಯ ಫ್ರಿಸ್ಬಿಯಂತಲ್ಲ. 1983ರಲ್ಲಿ ಡೇವ್ ಡನಿಪೇಸ್ ಎಂಬಾತ ಅಂಚನ್ನು ಇಳಿಜಾರಾಗಿ ಕಡೆದು ತೆಳುವಾಗಿಸಿದ ತಟ್ಟೆಯನ್ನು ರೂಪಿಸಿದಂದಿನಿಂದ ಅವು ಗಾಳಿಯನ್ನು ಸೀಳಿಕೊಂಡು ದೂರ ಹೋಗುತ್ತವೆ. ಬಲಗೈಯವನು ತೋಳನ್ನು ಎದೆಗೆ ಅಡ್ಡಲಾಗಿ ಒಯ್ದು ಎಸೆದ ತಟ್ಟೆ, ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ವೇಗ ಹೆಚ್ಚಾಗಿರುವಾಗ ಗಾಳಿಯ ಎತ್ತುವಿಕೆ ತಟ್ಟೆಯ ಹಿಂಭಾಗದಲ್ಲಿ ಬಿದ್ದು, ತಿರುಗುವ ಬುಗುರಿಯನ್ನು ಬೆರಳಿನಿಂದ ತಳ್ಳಿದರೆ ಅದು ತಳ್ಳಿದತ್ತ ವಾಲದೆ ಪಕ್ಕಕ್ಕೆ ವಾಲುವ ನ್ಯಾಯದಂತೆ, ತಟ್ಟೆ ಕೊಂಚ ಬಲಕ್ಕೆ ಹೊರಳುತ್ತದೆ. ವೇಗ ಕುಂದಿದೊಡನೆ ಅದೇ ಎತ್ತುವಿಕೆ ಮುಂಭಾಗಕ್ಕೆ ಸರಿದು, ತಟ್ಟೆ ಎಡಕ್ಕೆ ಬಾಗಿ ನೆಲಕ್ಕಿಳಿಯುತ್ತದೆ. ಒಂದೇ ಎಸೆತದಲ್ಲಿ ಹೀಗೆ ಎರಡು ತಿರುವುಗಳಿರುವುದರಿಂದಲೇ ಮರಗಳ ನಡುವೆ ಈ ಆಟ ಸಾಧ್ಯವಾಯಿತು. ನೇರವಾಗಿ ಕಾಣದ ಬುಟ್ಟಿಯನ್ನು ಸುತ್ತುಬಳಸಿ ಮುಟ್ಟುವ ಉಪಾಯ ಇಲ್ಲಿ ಕೈಯಲ್ಲಿಯೇ ಇದೆ.

ಅಂಚು ನಡುವಾದ ಬಗೆ

ಗಾಲ್ಫಿನ ಹದಿನೆಂಟು ಕುಳಿಗಳ ಅಂಗಳಕ್ಕೆ ಸಾಮಾನ್ಯವಾಗಿ ನೂರೈವತ್ತು ಎಕರೆಗಳಷ್ಟು ನೆಲ ಬೇಕು. ಸ್ಕಾಟ್ಲೆಂಡಿನ ಮಂಜು, ತುಂತುರು ಮಳೆಗಳಲ್ಲಿ ತಾನಾಗಿ ಬೆಳೆದ ಹುಲ್ಲು ಆ ಆಟದ ತಾಯಿಬೇರು. 1829ರಲ್ಲಿ ಕಲ್ಕತ್ತೆಗೆ, 1876ರಲ್ಲಿ ಬೆಂಗಳೂರಿಗೆ ಅದು ಬಂದಾಗ ಹುಲ್ಲಿನ ಹಂಬಲವೂ ಜೊತೆಯಲ್ಲಿಯೇ ಬಂದಿತು. ಒಣ ಸೀಮೆಯ ದಂಡುಗಳಲ್ಲಿದ್ದ ಆಂಗ್ಲ ಅಧಿಕಾರಿಗಳು ಮಾತ್ರ ಬಿಸಿಲಿಗೆ ಸೋತು, ಕುಳಿಯ ಸುತ್ತಣ ನುಣುಪು ಹುಲ್ಲಿನ ಬದಲಾಗಿ ಎಣ್ಣೆ ಬೆರೆಸಿದ ಮರಳನ್ನು ಹರಡಿ, ಅದನ್ನು ಗ್ರೀನ್ ಎನ್ನದೆ ಬ್ರೌನ್ ಎಂದು ಕರೆದು ಆಡಿಕೊಂಡರು. ನೆಲಕ್ಕೆ ತಲೆಬಾಗಿದ ಆ ವಿವೇಕ ಮುಂದೆ ಕೊಳವೆಬಾವಿಗಳೂ ಪಂಪುಗಳೂ ಬಂದಂತೆ ಮರೆತುಹೋಯಿತು.

ಅಮೆರಿಕದಲ್ಲಿ 1986ರಿಂದ 2005ರವರೆಗಿನ ಎರಡು ದಶಕಗಳಲ್ಲಿ 4,000ಕ್ಕೂ ಹೆಚ್ಚು ಗಾಲ್ಫ್ ಅಂಗಳಗಳು ಎದ್ದುವು; ಅಷ್ಟು ಅಂಗಳಗಳಿಗೆ ತಕ್ಕಷ್ಟು ಆಟಗಾರರು ಹುಟ್ಟಲಿಲ್ಲ. 2006ರಿಂದೀಚೆಗೆ, ಹೊಸದಾಗಿ ತೆರೆದವುಗಳಿಗಿಂತ ಬಾಗಿಲು ಮುಚ್ಚಿದವುಗಳ ಸಂಖ್ಯೆಯೇ ಅಲ್ಲಿ ಮಿಗಿಲಾಗುತ್ತ ಬಂದಿತು. ಮುಚ್ಚಿದ ಅಂಗಳಗಳಲ್ಲಿ ಬಹಳಷ್ಟು ಮನೆ ನಿವೇಶನಗಳಾದುವು, ಕೆಲವು ಉದ್ಯಾನಗಳಾದುವು, ಇನ್ನು ಕೆಲವು ಡಿಸ್ಕ್ ಗಾಲ್ಫಿನ ಪಾಲಾದುವು. ಮಿನ್ನೆಸೋಟ ರಾಜ್ಯದ ಕ್ಲಿಯರ್‌ವಾಟರ್ ಎಂಬ ಪುಟ್ಟ ಪಟ್ಟಣದಲ್ಲಿ, ವೃತ್ತಿಪರ ಆಟಗಾರ ಕೇಲ್ ಲೈವಿಸ್ಕಾ ಹಳೆಯ ಗಾಲ್ಫ್ ಅಂಗಳವೊಂದನ್ನು ರೂಪಾಂತರಿಸಿ ಕಟ್ಟಿದ ಪ್ರಿಸರ್ವ್ ಎಂಬ ಅಂಗಳದಲ್ಲಿ ದೇಶದ ಅಗ್ರಗಣ್ಯರು ಪಂದ್ಯವಾಡಿದ್ದಾರೆ.

ಮಗಳ ಮನೆ ಆ ಸೀಮೆಯಲ್ಲಿಯೇ ಇರುವುದರಿಂದ, ಅಷ್ಟು ಹೆಸರುವಾಸಿಯಲ್ಲದ, ಆದರೆ ಅದೇ ಬಗೆಯಲ್ಲಿ ಹುಟ್ಟಿದ ದಟ್ಟಕಾಡಿನ ಅಂಗಳವೊಂದರಲ್ಲಿ ಅಳಿಯನೊಡನೆ ಆಡುವ ಯೋಗ ನನಗೆ ಒದಗಿತು. ಆ ನೆಲದ ಪೂರ್ವಾಶ್ರಮದ ಗುರುತುಗಳು ಅಲ್ಲಲ್ಲಿ ಉಳಿದಿದ್ದುವು. ಆಟಗಾರರ ಪುಟ್ಟ ಗಾಡಿಗಳು ಓಡಾಡುತ್ತಿದ್ದ ಡಾಂಬರು ಹಾದಿಯನ್ನು ಓಕ್ ಮರದ ಬೇರೊಂದು ಕೆಳಗಿನಿಂದ ಎತ್ತಿ ಬಿರಿಯಿಸಿತ್ತು. ಚೆಂಡನ್ನು ಸಿಕ್ಕಿಸಿಕೊಳ್ಳಲೆಂದು ತೋಡಿದ್ದ ಮರಳುಗುಂಡಿಯೊಂದರ ನಡುವೆ ಆಳೆತ್ತರದ ಸಸಿಗಳು ಎದ್ದು ನಿಂತಿದ್ದುವು.

ಅಲ್ಲಿ ಗಮನಕ್ಕೆ ಬಂದ ಮುಖ್ಯ ಸಂಗತಿ ಬೇರೆ. ಗಾಲ್ಫ್ ಆಡುತ್ತಿದ್ದ ಅಗಲವಾದ ಹುಲ್ಲಿನ ಓಣಿಗಳಲ್ಲಿ ಹೊಸ ಆಟದ ಬುಟ್ಟಿಗಳು ಹೆಚ್ಚಾಗಿ ಇರಲೇ ಇಲ್ಲ. ಒಂದು ಓಣಿಯ ಚೆಂಡು ಮತ್ತೊಂದು ಓಣಿಯವರ ತಲೆಗೆ ಬೀಳದಿರಲೆಂದು ನಡುವೆ ನೆಟ್ಟಿದ್ದ ಮರಸಾಲುಗಳು ದಶಕಗಳಲ್ಲಿ ಬೆಳೆದು, ಕೆಳಗೆ ಪೊದೆ ಹಬ್ಬಿ, ಕಾಡಾಗಿದ್ದುವಷ್ಟೆ. ಆ ಕಾಡಿನ ಪಟ್ಟಿಗಳೊಳಗೇ ಬುಟ್ಟಿಗಳನ್ನು ನೆಟ್ಟಿದ್ದರು. ಗಾಲ್ಫಿನವನು ದಾರಿತಪ್ಪಿದವನಿಗೆ ದಂಡವೆಂದು ಮೀಸಲಿಟ್ಟಿದ್ದ ಅಂಚು ಈಗ ಆಟದ ನಡುಮನೆಯಾಗಿತ್ತು. ಅವನು ಪ್ರತಿದಿನ ಕತ್ತರಿಸಿ, ನೀರುಣಿಸಿ, ಔಷಧ ಸಿಂಪಡಿಸಿ ಸಾಕುತ್ತಿದ್ದ ನಡುಭಾಗ, ಮೊಳಕಾಲೆತ್ತರದ ಹುಲ್ಲಿಗೂ ಚಿಟ್ಟೆಗಳಿಗೂ ಬಿಟ್ಟ ಗೋಮಾಳದಂತಿತ್ತು. ನೆಲದ ಒಂದಂಗುಲವೂ ಸ್ಥಾನ ಬದಲಿಸದೆ, ಬೆಲೆ ಮಾತ್ರ ತಿರುವುಮುರುವಾಗಿತ್ತು.

ಒಂದು ಬುಟ್ಟಿಯ ವಿವರವನ್ನಾದರೂ ಹೇಳಬೇಕು. ಸಿಮೆಂಟಿನ ಕಟ್ಟೆಯಿಂದ ತೊಂಬತ್ತು ಮೀಟರುಗಳಷ್ಟು ಆಚೆ, ಎಡಕ್ಕೆ ಮರೆಯಾದ ಇಳಿಜಾರಿನಲ್ಲಿ ಬುಟ್ಟಿ. ಕಟ್ಟೆಯ ಮುಂದೆಯೇ ತೋರಣಗಂಬಗಳಂತೆ ಎರಡು ಓಕ್ ಮರಗಳು. "ಕೈ ಜೋರು ಮಾಡಬೇಡಿ, ಮಾವ, ಕೊನೆಯಲ್ಲಿ ಮಣಿಕಟ್ಟು ತಿರುಗಿದರೆ ಸಾಕು," ಎಂದ ಅಳಿಯ. ತೋಳಿನ ಹುರುಪು ಉಪದೇಶವನ್ನು ಕೇಳುವಂಥದಲ್ಲ. ತಟ್ಟೆ ಬಲಗಡೆಯ ಕಾಂಡಕ್ಕೆ ಟೊಕ್ಕೆಂದು ಬಡಿದು ಹತ್ತು ಹೆಜ್ಜೆಯಲ್ಲಿಯೇ ಮಲಗಿತು. ಅವನ ಎಸೆತವಾದರೋ, ಮರಗಳ ನಡುವೆ ಮೊದಲು ನೆಟ್ಟಗೆ ಸಾಗಿ, ವೇಗ ಕುಂದುವ ಗಳಿಗೆಗೆ ಸರಿಯಾಗಿ ಎಡಕ್ಕೆ ವಾಲಿ, ಕಣ್ಣಿಗೆ ಕಾಣದ ಇಳಿಜಾರಿನೊಳಕ್ಕೆ ಇಳಿದುಹೋಯಿತು; ಬಳಿಗೆ ಹೋಗಿ ನೋಡಿದರೆ ಬುಟ್ಟಿಯ ಬುಡದಲ್ಲಿಯೇ ಇದ್ದಿತು. ಮುಂದಿನ ಎಸೆತಕ್ಕೆ ಸರಪಳಿ ಝಣಝಣಿಸಿತು. ಇಬ್ಬರಿಗೂ ಅಡ್ಡವಾಗಿ ನಿಂತದ್ದು ಅದೇ ಎರಡು ಮರಗಳು. ಅವುಗಳನ್ನು ಕಡಿದುಹಾಕಿದರೆ ಅವನ ಜಾಣ್ಮೆಗೂ ನನ್ನ ಹುರುಪಿಗೂ ಭೇದವೇ ಉಳಿಯದೆ ಆಟವು ಬರಿಯ ತೋಳಿನ ಬಲದ ಸ್ಪರ್ಧೆಯಾಗುತ್ತಿತ್ತು. ಮರವನ್ನು ಉಳಿಸಿಕೊಳ್ಳುವುದು ಈ ಕ್ರೀಡೆಗೆ ಔದಾರ್ಯವಲ್ಲ, ಸ್ವಾರ್ಥವೇ ಆಗಿದೆ. ಸ್ವಾರ್ಥದಿಂದ ನಡೆಯುವ ರಕ್ಷಣೆ ಭಾಷಣದಿಂದ ನಡೆಯುವ ರಕ್ಷಣೆಗಿಂತ ಹೆಚ್ಚು ಬಾಳಿಕೆಯದು.

ಕಾಡಿಗೆ ತಗಲುವ ಪೆಟ್ಟು

ಹಾಗೆಂದು ಈ ಆಟ ನಿರಪರಾಧಿಯೆಂದು ಭಾವಿಸಲಾಗದು. ನೂರೆಪ್ಪತ್ತು ಗ್ರಾಂ ತೂಕದ ಗಟ್ಟಿ ತಟ್ಟೆ ದಿನವೂ ಒಂದೇ ಕಾಂಡಕ್ಕೆ ಬಡಿಯುತ್ತಿದ್ದರೆ, ತೆಳುತೊಗಟೆಯ ಮರಗಳು ಗಾಯಗೊಂಡು ರೋಗಕ್ಕೆ ಎಡೆಗೊಡುತ್ತವೆ. ಕಟ್ಟೆ ಮತ್ತು ಬುಟ್ಟಿಗಳ ಸುತ್ತ ಜನರು ತುಳಿದು ತುಳಿದು ಮಣ್ಣು ಕಲ್ಲಿನಂತಾಗಿ, ಮಳೆಯ ನೀರು ಇಂಗದೆ ಹರಿದು, ಬೇರುಗಳು ಬತ್ತಲೆಯಾಗುತ್ತವೆ. ಬಲ್ಲ ನಿಯೋಜಕರು ಇದಕ್ಕೆ ಪರಿಹಾರವನ್ನೂ ಕಂಡುಕೊಂಡಿದ್ದಾರೆ: ಕಾಂಡಗಳಿಗೆ ಮರದ ಪಟ್ಟಿಗಳ ಕವಚ ತೊಡಿಸುವುದು, ತುಳಿತದ ನೆಲಕ್ಕೆ ಮರದ ಚಕ್ಕೆಗಳನ್ನು ಹರಡುವುದು, ಪ್ರತಿಯೊಂದು ಗುರಿಗೂ ಎರಡು ಮೂರು ನೆಲೆಗಳನ್ನು ಮೊದಲೇ ಗೊತ್ತುಮಾಡಿಟ್ಟು, ಬುಟ್ಟಿಯನ್ನು ಕಿತ್ತು ಬೇರೆಡೆ ನೆಟ್ಟು, ದಣಿದ ನೆಲಕ್ಕೆ ವಿಶ್ರಾಂತಿ ಕೊಡುವುದು.

ನಾಗಪುರದ ಲೆಕ್ಕ

ಇಂದು ಲೋಕದಲ್ಲಿ 15,000ಕ್ಕೂ ಮಿಕ್ಕಿ ಡಿಸ್ಕ್ ಗಾಲ್ಫ್ ಅಂಗಳಗಳಿದ್ದು, ಅವುಗಳಲ್ಲಿ ಬಹುಪಾಲು ಸಾರ್ವಜನಿಕ ಉದ್ಯಾನಗಳಲ್ಲಿ ಶುಲ್ಕವಿಲ್ಲದೆ ತೆರೆದಿವೆ. ಬುಟ್ಟಿಯೊಂದಕ್ಕೆ ಸರಾಸರಿ ಒಂದು ಎಕರೆ ಸಿಕ್ಕಿದರೆ ಸಾಕೆಂಬುದು ರೂಢಿಯ ಅಂದಾಜು. ದಖ್ಖನ್ ಕಪ್ಪುಶಿಲೆಯ ಪೂರ್ವದಂಚಿನಲ್ಲಿ ಕುಳಿತ ನಮ್ಮ ನಗರಕ್ಕೆ ಇಂಥದೊಂದನ್ನು ಬಯಸಿದರೆ ಋತುಗಳ ಲೆಕ್ಕವನ್ನು ಮೊದಲು ನೋಡಬೇಕು. ಮಳೆಗಾಲದಲ್ಲಿ ಎರೆಮಣ್ಣು ಹೆಜ್ಜೆಗೊಂದು ಹೆಂಟೆಯಾಗಿ ಪಾದರಕ್ಷೆಗೆ ಅಂಟುತ್ತದೆ, ಹುಲ್ಲಿನಲ್ಲಿ ಹಾವಿನ ಭಯ ಬೇರೆ. ವೈಶಾಖ ಜ್ಯೇಷ್ಠಗಳಲ್ಲಿ ಸೂರ್ಯೋದಯದ ಒಂದೆರಡು ತಾಸುಗಳ ಹೊರತು ಆಟದ ಮಾತೇ ಸಲ್ಲದು. ದೀಪಾವಳಿಯಿಂದ ಹೋಳಿಯವರೆಗಿನ ಕಾಲ ಮಾತ್ರ ಪ್ರಶಸ್ತವಾದದ್ದು. ಆಗಲೂ ಮಾಘಮಾಸದ ಮೇಲೆ ತೇಗದ ಎಲೆ ಉದುರತೊಡಗಿದರೆ, ಅನೇಕ ಎಲೆಗಳು ತಟ್ಟೆಯಷ್ಟೇ ಅಗಲವಾಗಿರುವುದರಿಂದ, ಕಂದುಬಣ್ಣದ ತಟ್ಟೆಯನ್ನು ಕೊಂಡವನು ಮೂರು ನಿಮಿಷಗಳಲ್ಲಿ ಅದನ್ನು ಹುಡುಕಿ ತೆಗೆಯಲಾರ; ಕಡುಗುಲಾಬಿಯೋ ನೀಲಿಯೋ ಆದ ತಟ್ಟೆಯೇ ಇಲ್ಲಿಗೆ ಯೋಗ್ಯ.

ನೆಲದ ಆಯ್ಕೆಯಲ್ಲಿ ಅಮೆರಿಕದ ಹಳೆಯ ಗಾಲ್ಫ್ ಅಂಗಳಗಳು ನಮಗೆ ಕಲಿಸುವ ಪಾಠ ಸ್ಪಷ್ಟವಾಗಿದೆ. ಆ ಆಟ ಅಲ್ಲಿ ಹೊಸ ಕಾಡಿನೊಳಕ್ಕೆ ನುಗ್ಗಲಿಲ್ಲ. ಮನುಷ್ಯನು ಆಗಲೇ ಬಳಸಿ ಬಿಟ್ಟ ನೆಲವನ್ನು ಎತ್ತಿಕೊಂಡಿತು. ಸೆಮಿನರಿ ಹಿಲ್ಸ್, ಗೋರೆವಾಡಾ, ಅಂಬಾಝರಿಗಳ ಹಕ್ಕಿಪಕ್ಷಿಗಳ ಆಶ್ರಯವನ್ನು ಅವುಗಳ ಪಾಡಿಗೆ ಬಿಟ್ಟು, ಕಾಲೇಜುಗಳ ವಿಶಾಲ ಆವರಣಗಳ ಹಿತ್ತಿಲಲ್ಲಿ, ಹಳೆಯ ಸರಕಾರಿ ಬಂಗಲೆಗಳ ಸುತ್ತ ಪಾಳುಬಿದ್ದ ತೋಟಗಳಲ್ಲಿ, ಸುಬಾಬುಲ್ ಮತ್ತು ಲಂಟಾನ ತುಂಬಿದ ನಿವೇಶನಗಳಲ್ಲಿ ಒಂಬತ್ತು ಬುಟ್ಟಿಗಳನ್ನು ನೆಟ್ಟು ನೋಡುವುದಾದರೆ, ಲಂಟಾನವನ್ನು ಬಿಡಿಸಿದ ಪುಣ್ಯ ನೆಲಕ್ಕೂ, ಬೆಳಗಿನ ನಡಿಗೆಯ ಪುಣ್ಯ ಆಡುವವರಿಗೂ ಬರುತ್ತದೆ. ಪ್ರಯೋಗ ಫಲಿಸದೆ ಹೋದರೂ ಕಂಬಗಳನ್ನು ಕಿತ್ತು ಗಾಡಿಗೆ ಹೇರಿಕೊಂಡು ಹೋಗಬಹುದು, ಮರಗಳು ಇದ್ದಲ್ಲಿಯೇ ಇರುತ್ತವೆ. ನೂರೈವತ್ತು ಎಕರೆಗೆ ನೀರುಣಿಸುವ ಯೋಜನೆಯನ್ನು ಕೈಗೆತ್ತಿಕೊಂಡವರಿಗೆ ಹಾಗೆ ಹಿಂದಿರುಗುವ ದಾರಿ ಅಷ್ಟು ಸುಲಭವಾಗಿ ದೊರೆಯದು.