ಅರಿವಳಿಕೆ ಮತ್ತು ಎಳೆಯ ಮಿದುಳು

ಹಸುಗೂಸನ್ನು ಶಸ್ತ್ರಚಿಕಿತ್ಸೆಯ ಕೋಣೆಗೆ ಒಪ್ಪಿಸಿ ಹೊರಗಿನ ಬೆಂಚಿನ ಮೇಲೆ ಕುಳಿತ ತಾಯಿತಂದೆಯರನ್ನು ಎರಡು ಭಯಗಳು ಕಾಡುತ್ತವೆ. ಮಗು ಕ್ಷೇಮವಾಗಿ ಕಣ್ತೆರೆಯುವುದೇ ಎಂಬುದು ಮೊದಲನೆಯದು. ನಿದ್ರೆ ಬರಿಸಿದ ಔಷಧಿ ಮುಂದೆ ಅದರ ಬುದ್ಧಿಯನ್ನು ಮಂಕಾಗಿಸೀತೇ ಎಂಬುದು ಎರಡನೆಯದು. ಈ ಎರಡನೆಯ ಭಯವನ್ನು ಕುರಿತು ಇಲ್ಲಿ ಕೆಲವು ಮಾತು.

ಭಯ ನಿರಾಧಾರವಾದುದೇನೂ ಅಲ್ಲ. ಬಾಳಿನ ಮೊದಲ ವರ್ಷಗಳಲ್ಲಿ ಮಿದುಳಿನ ನರಕೋಶಗಳು ಬಹು ವೇಗದಿಂದ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಕೋಶಗಳ ನಡುವೆ ಹರಿಯುವ ಸಂಕೇತಗಳು ಈ ಹೆಣಿಗೆಗೆ ನೆರವಾಗುತ್ತವೆ. ಅರಿವಳಿಕೆಯ ಔಷಧಿಗಳಾದರೋ ಆ ಸಂಕೇತಗಳನ್ನೇ ತಗ್ಗಿಸುತ್ತವೆ. 2003ರಲ್ಲಿ ಅಮೆರಿಕದ ವಿಜ್ಞಾನಿಗಳು ಏಳು ದಿನದ ಇಲಿಮರಿಗಳಿಗೆ ಮೂರು ಔಷಧಿಗಳನ್ನು ಕೂಡಿಸಿ ಆರು ಗಂಟೆಗಳ ಕಾಲ ಕೊಟ್ಟರು. ಮಿದುಳಿನಲ್ಲಿ ನರಕೋಶಗಳು ವ್ಯಾಪಕವಾಗಿ ಸತ್ತಿದ್ದವು. ಬೆಳೆದ ಮೇಲೂ ಇಲಿಗಳು ಕಲಿಕೆಯಲ್ಲಿ ಹಿಂದುಳಿದವು.

ಆದರೆ ಇಲಿಮರಿಯ ಆರು ಗಂಟೆ ಮಾನವ ಶಿಶುವಿನ ಆರು ಗಂಟೆಯಲ್ಲ. ಅಲ್ಲದೆ, ಶಸ್ತ್ರಚಿಕಿತ್ಸೆಯಾದ ಮಗುವಿಗೆ ಕಲಿಕೆಯಲ್ಲಿ ತೊಡಕು ಕಂಡರೆ, ಅದು ಔಷಧಿಯಿಂದ ಬಂದುದೋ, ರೋಗದಿಂದಲೋ, ದಿನ ತುಂಬುವ ಮೊದಲೇ ಹುಟ್ಟಿದ್ದರಿಂದಲೋ ಎಂದು ಬೇರ್ಪಡಿಸುವುದು ಹೇಗೆ? ಈ ತೊಡಕನ್ನು ಬಿಡಿಸಲು ಏಳು ದೇಶಗಳ ವೈದ್ಯರು ಕೂಡಿ ಒಂದು ಪ್ರಯೋಗ ನಡೆಸಿದರು. ತೊಡೆಸಂದಿನ ಹರ್ನಿಯಾಕ್ಕೆ ಚಿಕಿತ್ಸೆ ಬೇಕಾಗಿದ್ದ 722 ಶಿಶುಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡಗಳಾಗಿ ಹಂಚಿದರು. ಒಂದಕ್ಕೆ ಪೂರ್ಣ ಅರಿವಳಿಕೆ. ಇನ್ನೊಂದಕ್ಕೆ ಬೆನ್ನಿಗೆ ಚುಚ್ಚುಮದ್ದು ಕೊಟ್ಟು, ದೇಹದ ಕೆಳಭಾಗವನ್ನಷ್ಟೇ ಮರಗಟ್ಟಿಸಿ, ಮಗು ಎಚ್ಚರವಿರುವಾಗಲೇ ಚಿಕಿತ್ಸೆ. ಪೂರ್ಣ ಅರಿವಳಿಕೆಯ ಕಾಲ ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸು. ಮಕ್ಕಳಿಗೆ ಐದು ವರ್ಷವಾದಾಗ ಬುದ್ಧಿಶಕ್ತಿಯನ್ನು ಅಳೆದರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡೂ ಪಂಗಡಗಳ ಸರಾಸರಿ ಅಂಕ ಸುಮಾರು 99.

ದೀರ್ಘಕಾಲದ ಅಥವಾ ಪದೇ ಪದೇ ಕೊಡುವ ಅರಿವಳಿಕೆಯ ಮಾತು ಬೇರೆ. ಪುನಃ ಪುನಃ ಅರಿವಳಿಕೆ ಪಡೆದ ಮಕ್ಕಳಲ್ಲಿ ಬುದ್ಧಿಯ ಅಂಕ ಕುಗ್ಗದಿದ್ದರೂ, ಕೈಬೆರಳುಗಳ ಸೂಕ್ಷ್ಮ ಚಲನೆಯಲ್ಲಿಯೂ ಗ್ರಹಿಕೆಯ ವೇಗದಲ್ಲಿಯೂ ಅಲ್ಪ ಕೊರತೆ ಕಂಡುದನ್ನು 2018ರ ಒಂದು ಅಧ್ಯಯನ ತಿಳಿಸಿತು. ಮೂರು ವರ್ಷದೊಳಗಿನವರಿಗೆ ಮೂರು ಗಂಟೆ ಮೀರಿ ಅಥವಾ ಮತ್ತೆ ಮತ್ತೆ ಕೊಡುವಾಗ ಎಚ್ಚರ ಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲೇ ಸೂಚಿಸಿತ್ತು.

ಹಾಗೆಂದು ಅರಿವಳಿಕೆಯನ್ನೇ ಶತ್ರುವೆಂದು ಬಗೆಯಲಾಗದು. ನವಜಾತ ಶಿಶುವಿಗೆ ನೋವು ಅಷ್ಟಾಗಿ ತಿಳಿಯದೆಂದು ನಂಬಿ, ತೀರ ಹಗುರವಾದ ಅರಿವಳಿಕೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಕಾಲವೊಂದಿತ್ತು. ಭಾರತ ಮೂಲದ ವೈದ್ಯ ಕೆ. ಜೆ. ಎಸ್. ಆನಂದ್ ಮತ್ತು ಅವರ ಸಂಗಡಿಗರು 1987ರಲ್ಲಿ ಆ ನಂಬಿಕೆಯನ್ನು ಅಲುಗಿಸಿದರು. ಪ್ರಬಲ ನೋವುನಿವಾರಕವಿಲ್ಲದೆ ಶಸ್ತ್ರಚಿಕಿತ್ಸೆಗೊಳಗಾದ ಅಕಾಲಜನಿತ ಶಿಶುಗಳ ದೇಹ ಹೆಚ್ಚು ತಲ್ಲಣಿಸುವುದನ್ನೂ, ಅವುಗಳಲ್ಲಿ ಚಿಕಿತ್ಸೆಯ ನಂತರದ ತೊಂದರೆಗಳು ಅಧಿಕವಾಗಿರುವುದನ್ನೂ ಅವರು ತೋರಿಸಿದರು.

ಆದುದರಿಂದ ಹೊರಗೆ ಕುಳಿತ ತಾಯಿ ಕೇಳಬೇಕಾದ ಪ್ರಶ್ನೆ, ಔಷಧಿ ಬೇಕೇ ಎಂಬುದಲ್ಲ. ಈ ಶಸ್ತ್ರಚಿಕಿತ್ಸೆ ಈಗಲೇ ಆಗಬೇಕೇ, ಕಾಯಬಹುದೇ ಎಂಬುದು. ಕಾಯಲಾಗದು ಎಂದು ವೈದ್ಯರು ಹೇಳಿದರೆ ತಡಮಾಡಬಾರದು. ಒಂದು ಗಂಟೆಯ ನಿದ್ರೆಗೆ ಅಂಜಿ ಬೇಕಾದ ಚಿಕಿತ್ಸೆಯನ್ನು ಮುಂದೂಡಿದರೆ ಕೇಡು ಮಗುವಿಗೇ.