ಎರೆಹುಳು ಎಣಿಸಿದ ಆರನೇ ಸೆಮಿಸ್ಟರ್

ಪ್ರಾಣಿವಿಜ್ಞಾನ ಓದಿದ ಯಾರನ್ನು ಕೇಳಿದರೂ ಎರೆಹುಳುವಿನ ಕ್ಲೈಟೆಲಂ 14ರಿಂದ 16ನೇ ಖಂಡದವರೆಗೆ ಇರುತ್ತದೆ ಎಂದು ತಡವರಿಸದೆ ಹೇಳುತ್ತಾರೆ. ಅದು ಫೆರೆಟಿಮಾ ಎಂಬ ಹುಳುವಿನ ಲಕ್ಷಣ. ಲಖನೌದ ಪ್ರಾಣಿವಿಜ್ಞಾನಿ ಕೆ.ಎನ್. ಬಹ್ಲ್ 1926ರಲ್ಲಿ ಅದರ ಅಂಗರಚನೆ ಕುರಿತು ಪ್ರಕಟಿಸಿದ ಕೃತಿ ತಲೆಮಾರುಗಳ ವಿದ್ಯಾರ್ಥಿಗಳಿಗೆ ಆಧಾರವಾಯಿತು. ನಾವೂ ರೆಕಾರ್ಡ್ ಪುಸ್ತಕದಲ್ಲಿ ಅದನ್ನೇ ಬಿಡಿಸಿ, ಹೆಸರು ಗುರುತಿಸಿ, ಸಹಿ ಹಾಕಿಸಿಕೊಂಡೆವು. ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಅಡಿಕೆ ತೋಟದಲ್ಲಿರುವ ಹುಳು ಯಾವುದು ಎಂಬ ಪ್ರಶ್ನೆ ಪಠ್ಯದಲ್ಲಿರಲಿಲ್ಲ.

ಆ ಪ್ರಶ್ನೆಯನ್ನು ಮೊದಲು ಕೇಳಿದವರು ನಮ್ಮ ಅತಿಥಿ ಉಪನ್ಯಾಸಕರು. ಆರನೇ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್ ಮಾಡಬೇಕಿತ್ತು. ಹಳ್ಳಿಯ ಸುತ್ತ ಅದಕ್ಕೆ ತಕ್ಕ ಸಂಸ್ಥೆಗಳೆಲ್ಲಿ ಸಿಗಬೇಕು? ಬದಲಿಗೆ ಒಂದು ಕಿರುಸಂಶೋಧನೆ ಮಾಡಲು ಅವರು ಒಪ್ಪಿಗೆ ಕೊಡಿಸಿದರು. ಸಹಪಾಠಿಗಳಲ್ಲಿ ಕೆಲವರು ಹಳೆಯ ವರದಿಯೊಂದನ್ನು ಜೆರಾಕ್ಸ್ ಅಂಗಡಿಯಲ್ಲಿ ಹೊಸದಾಗಿ ಬೈಂಡ್ ಮಾಡಿಸಿದರು. ಅವರನ್ನು ದೂರಲಾರೆ. ಇಡೀ ತರಗತಿಗೆ ಸರಿಯಾಗಿ ಕೆಲಸ ಮಾಡುವ ಸೂಕ್ಷ್ಮದರ್ಶಕ ಎರಡೇ ಇದ್ದರೆ ವಿದ್ಯಾರ್ಥಿಗಳು ಇನ್ನೇನು ಮಾಡಿಯಾರು?

ನನಗೆ ಬೇಕಾದ ಸಲಕರಣೆ ಮನೆಯಲ್ಲೇ ಇತ್ತು. ಗುದ್ದಲಿ, ಪ್ಲಾಸ್ಟಿಕ್ ಬುಟ್ಟಿ, ಅಳತೆಪಟ್ಟಿ. ಇಪ್ಪತ್ತೈದು ಸೆಂಟಿಮೀಟರ್ ಚೌಕವನ್ನು ಗುರುತು ಮಾಡಿ ಮೂವತ್ತು ಸೆಂಟಿಮೀಟರ್ ಆಳಕ್ಕೆ ಅಗೆದು, ಆ ಮಣ್ಣನ್ನು ಕೈಯಲ್ಲಿ ಪುಡಿಮಾಡುತ್ತಾ ಹುಳುಗಳನ್ನು ಆರಿಸಿ ಎಣಿಸುವುದು ಎಲ್ಲೆಡೆ ಬಳಕೆಯಲ್ಲಿರುವ ವಿಧಾನ. ಇಷ್ಟು ಸರಳವೇ ಎಂದು ಅನುಮಾನಪಡುವವರು ಚಾರ್ಲ್ಸ್ ಡಾರ್ವಿನ್‌ನ ಕೊನೆಯ ಪುಸ್ತಕವನ್ನು ನೋಡಬೇಕು. 1881ರಲ್ಲಿ ಪ್ರಕಟವಾದ ಅದರ ವಿಷಯ ಎರೆಹುಳು. 1842ರಲ್ಲಿ ಆತ ತನ್ನ ಮನೆಯ ಪಕ್ಕದ ಹೊಲದಲ್ಲಿ ಸೀಮೆಸುಣ್ಣದ ಚೂರುಗಳನ್ನು ಹರಡಿಸಿ, 29 ವರ್ಷ ಕಾದು, 1871ರಲ್ಲಿ ಅಗೆಸಿ ನೋಡಿದ. ಚೂರುಗಳು ಏಳು ಅಂಗುಲ ಕೆಳಗೆ ಹೋಗಿದ್ದವು. ಹುಳುಗಳು ಹೊರಹಾಕಿದ ಮಣ್ಣು ಅವನ್ನು ಮುಚ್ಚಿತ್ತು. ಅಲ್ಲಿ ಬೇಕಾಗಿದ್ದುದು ದುಬಾರಿ ಯಂತ್ರವಲ್ಲ, ಕಾಲ.

ಆ ಕಾಲವೇ ನನಗಿರಲಿಲ್ಲ. ಮೊದಲ ಎಣಿಕೆ 2024ರ ಮಾರ್ಚ್‌ನಲ್ಲಿ. ಹಿಂದಿನ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಕೊಳವೆಬಾವಿಗಳು ಬತ್ತಿ, ಚನ್ನಗಿರಿ ಸೀಮೆಯ ಬೆಳೆಗಾರರು ಟ್ಯಾಂಕರ್ ನೀರು ಕೊಂಡು ಅಡಿಕೆ ಮರ ಉಳಿಸಿಕೊಳ್ಳುತ್ತಿದ್ದರು. ಅಪ್ಪನೂ ಅವರಲ್ಲಿ ಒಬ್ಬರು. ಒಂದೊಂದು ಟ್ಯಾಂಕರಿಗೂ ಲೆಕ್ಕ ಬರೆದಿಡುತ್ತಿದ್ದ ಅವರು, ನಾನು ಗುದ್ದಲಿ ಹಿಡಿದದ್ದನ್ನು ಕಂಡು, ‘ಏನವ್ವಾ, ಹುಳ ಎಣಿಸಿದರೆ ನೀರು ಬರ್ತದಾ?’ ಎಂದರು. ಉತ್ತರ ನನ್ನಲ್ಲಿರಲಿಲ್ಲ. ಮರಗಳ ಬುಡದಲ್ಲಿ ನೀರು ಹಾಯಿಸಿದ ಕಡೆ ಮಾತ್ರ ಹುಳು ಸಿಕ್ಕವು. ಸಾಲುಗಳ ನಡುವಿನ ಮಣ್ಣು ಇಟ್ಟಿಗೆಯಂತಿತ್ತು. ಜೂನ್‌ನಲ್ಲಿ ಮಳೆ ಬಂದ ಮೇಲೆ ಅದೇ ಜಾಗಗಳ ಪಕ್ಕದಲ್ಲಿ ಮತ್ತೆ ಅಗೆದಾಗ ಎಲ್ಲೆಡೆ ಹುಳು, ನೆಲದ ಮೇಲೆ ಹಿಕ್ಕೆಯ ಗುಪ್ಪೆ.

ಪಕ್ಕದ ದೊಡ್ಡಪ್ಪನ ತೋಟ ಹತ್ತು ವರ್ಷದ ಹಿಂದೆ ಗದ್ದೆಯಾಗಿತ್ತು. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಇಂಥ ಗದ್ದೆಗಳು ತೋಟಗಳಾಗುತ್ತಲೇ ಇವೆ. ಅಲ್ಲಿ ಕಳೆನಾಶಕ ಹೊಡೆಯುತ್ತಾರೆ, ಹುಳು ಕಡಿಮೆ. ಕಳೆನಾಶಕವೇ ಕಾರಣ ಎಂದು ಬರೆದುಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಉಪನ್ಯಾಸಕರು ಒಪ್ಪಲಿಲ್ಲ. ಆ ತೋಟದಲ್ಲಿ ಸೋಗೆಯ ಮುಚ್ಚಿಗೆ ಇರಲಿಲ್ಲ, ಸಗಣಿ ಗೊಬ್ಬರವೂ ಬೀಳುತ್ತಿರಲಿಲ್ಲ, ಮಣ್ಣೂ ಬೇರೆ. ಮೂರು ವ್ಯತ್ಯಾಸಗಳಿರುವಾಗ ಒಂದನ್ನು ಆರಿಸಿ ದೂಷಿಸುವುದು ವಿಜ್ಞಾನವಲ್ಲ ಎಂದರು. ಮೂರು ವರ್ಷದ ಪದವಿಯಲ್ಲಿ ನಾನು ಕೇಳಿದ ಅತ್ಯುತ್ತಮ ಪಾಠ ಅದು. ಹೇಳಿದವರು ಸೆಮಿಸ್ಟರಿನಿಂದ ಸೆಮಿಸ್ಟರಿಗೆ ನೇಮಕಾತಿಗೆ ಕಾಯುವವರು. 2021ರ ಡಿಸೆಂಬರ್‌ನಿಂದ ರಾಜ್ಯದ ಅತಿಥಿ ಉಪನ್ಯಾಸಕರು ಸೇವಾ ಭದ್ರತೆಗಾಗಿ ತರಗತಿ ಬಹಿಷ್ಕರಿಸಿದಾಗ ನಮಗೆ ಪಾಠವೇ ನಡೆಯಲಿಲ್ಲ. ಸರ್ಕಾರಿ ಪದವಿ ಕಾಲೇಜುಗಳು ಯಾರ ಹೆಗಲ ಮೇಲೆ ನಿಂತಿವೆ ಎಂಬುದು ಆಗ ತಿಳಿಯಿತು.

ಇನ್ನು ಹುಳುವಿನ ಗುರುತು. ಹೆಚ್ಚಿನವು ಫೆರೆಟಿಮಾ ಆಗಿರಲಿಲ್ಲ. ಬಾಲದ ತುದಿಯಲ್ಲಿ ಬಿರುಗೂದಲುಗಳು ಸಾಲು ತಪ್ಪಿಸಿ ನಿಂತಿದ್ದವು. ಇದು ದಕ್ಷಿಣ ಅಮೆರಿಕ ಮೂಲದ, ಉಷ್ಣವಲಯದ ತೋಟಗಳಲ್ಲೆಲ್ಲ ನೆಲೆಸಿರುವ ಪೊಂಟೊಸ್ಕೋಲೆಕ್ಸ್‌ನ ಲಕ್ಷಣ. ಆದರೆ ಖಚಿತಪಡಿಸಲು ಒಳಾಂಗಗಳನ್ನು ಬಿಡಿಸಿ ನೋಡಬಲ್ಲ ತಜ್ಞರು ಬೇಕು. 2014ರಲ್ಲಿ ಯುಜಿಸಿ ತರಗತಿಗಳಲ್ಲಿ ಪ್ರಾಣಿ ಛೇದನ ನಿಲ್ಲಿಸಲು ಸೂಚಿಸಿದ್ದು ಕಪ್ಪೆ, ಜಿರಳೆಗಳ ಮಟ್ಟಿಗೆ ಒಳ್ಳೆಯದೇ. ಅದರ ಜಾಗಕ್ಕೆ ಹೊರಾಂಗಣದ ಅಧ್ಯಯನ ಬರಬೇಕಿತ್ತು. ನಮ್ಮಲ್ಲಿ ಬಂದದ್ದು ಗೋಡೆಗೆ ತೂಗುಹಾಕಿದ ಚಿತ್ರಪಟ.

ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ 2021ರಲ್ಲಿ ಸೇರಿದ ನಮಗೆ ಸಂಶೋಧನೆಯ ನಾಲ್ಕನೇ ವರ್ಷದ ಆಸೆ ತೋರಿಸಲಾಗಿತ್ತು. ನಮ್ಮ ಕಾಲೇಜಿನಲ್ಲಿ ಅದು ಆರಂಭವಾಗಲೇ ಇಲ್ಲ. 2024ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಬಡ ಕುಟುಂಬಗಳಿಗೆ ಒಂದು ವರ್ಷದ ಖರ್ಚು ಉಳಿಯಿತು, ಅದನ್ನು ಒಪ್ಪುತ್ತೇನೆ. ಹಾಗಿದ್ದರೆ ಕಿರುಸಂಶೋಧನೆಯನ್ನು ಕೊನೆಯ ಸೆಮಿಸ್ಟರಿಗೆ ತುರುಕದೆ, ಎರಡನೇ ವರ್ಷದಲ್ಲೇ ಶುರುಮಾಡಿ ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲವನ್ನಾದರೂ ಕಾಣಲು ಬಿಡಬಹುದು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಮಾರ್ಗದರ್ಶಕರು ವರ್ಷವಿಡೀ ಕೆಲಸದಲ್ಲಿರಬೇಕು, ಅಷ್ಟೆ.

ನನ್ನ ಸೀಸೆಗಳು ಕಾಲೇಜಿನ ಕಪಾಟಿನಲ್ಲಿವೆ. ಚೀಟಿಗಳಲ್ಲಿ ತೋಟ, ದಿನಾಂಕ, ಆಳ ಎಲ್ಲವೂ ಇವೆ. ಪ್ರಭೇದದ ಹೆಸರಿಗೆ ಬಿಟ್ಟ ಜಾಗ ಖಾಲಿಯಿದೆ. ಕಿರಿಯಳೊಬ್ಬಳು ಈ ವರ್ಷ ಅದೇ ತೋಟಗಳಲ್ಲಿ ಅಗೆಯುತ್ತೇನೆ ಎಂದಿದ್ದಾಳೆ. ದೊಡ್ಡಪ್ಪ ಒಂದು ಸಾಲಿಗೆ ಕಳೆನಾಶಕ ಹೊಡೆಯದೆ ಬಿಡಲು ಒಪ್ಪಿದ್ದಾರೆ.