ನಿಮಗಿದು ಗೊತ್ತೇ? ಜೀನಿನಲ್ಲಿ ಒಂದಕ್ಷರ ಬದಲಾದರೆ…

ಹುಟ್ಟುವ ಪ್ರತಿ ಮಗುವಿನ ಡಿಎನ್‌ಎಯಲ್ಲೂ ಅಪ್ಪನಲ್ಲಾಗಲಿ ಅಮ್ಮನಲ್ಲಾಗಲಿ ಇಲ್ಲದ ಸುಮಾರು 60–70 ಹೊಸ ಬದಲಾವಣೆಗಳಿರುತ್ತವೆ. ಪಠ್ಯಪುಸ್ತಕ ಇವನ್ನು ಉತ್ಪರಿವರ್ತನೆ ಎನ್ನುತ್ತದೆ, ಆಸ್ಪತ್ರೆಯಲ್ಲಿ ಮ್ಯುಟೇಶನ್ ಎನ್ನುತ್ತಾರೆ. ಡಿಎನ್‌ಎಯ 300 ಕೋಟಿ ಅಕ್ಷರಗಳ ನಡುವೆ ಇವುಗಳಲ್ಲಿ ಬಹುಪಾಲು ಯಾವ ತೊಂದರೆಯನ್ನೂ ಮಾಡುವುದಿಲ್ಲ.

ಅಪ್ಪನ ವಯಸ್ಸು ಒಂದು ವರ್ಷ ಏರಿದರೆ ಮಗುವಿನಲ್ಲಿ ಇಂಥ ಬದಲಾವಣೆಗಳು ಸುಮಾರು ಎರಡು ಹೆಚ್ಚುತ್ತವೆ ಎಂದು ಐಸ್‌ಲ್ಯಾಂಡ್‌ನ ವಿಜ್ಞಾನಿಗಳು 2012ರಲ್ಲಿ ತೋರಿಸಿದರು. ವಯಸ್ಸಿನ ಮಾತು ಬಂದಾಗಲೆಲ್ಲ ತಾಯಿಯತ್ತಲೇ ಬೆರಳು ತೋರಿಸುವವರು ಇದನ್ನು ತಿಳಿದಿರಬೇಕು.

ಎಕ್ಸ್‌ರೇ ಜೀನುಗಳನ್ನು ಕೆಡಿಸಬಲ್ಲದು ಎಂದು 1927ರಲ್ಲಿ ಹರ್ಮನ್ ಮುಲ್ಲರ್ ತೋರಿಸಿಕೊಟ್ಟದ್ದು ಹಣ್ಣಿನ ನೊಣಗಳ ಮೇಲೆ. 1946ರಲ್ಲಿ ಅವರಿಗೆ ನೊಬೆಲ್ ಬಂತು.

ಜೀನು ಕೆಡಿಸುವುದು ಎಕ್ಸ್‌ರೇ ಮಾತ್ರವಲ್ಲ, ಬೂಷ್ಟು ಕೂಡ. ಬೂಷ್ಟು ಹಿಡಿದ ಶೇಂಗಾವನ್ನು ಹುರಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಅದರಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ ಶಾಖಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅದು ಯಕೃತ್ತಿನ ಕೋಶದೊಳಗೆ ಹೊಕ್ಕು, ಕ್ಯಾನ್ಸರ್ ತಡೆಯುವ ಪಿ53 ಎಂಬ ಜೀನಿನ 249ನೇ ಸ್ಥಾನಕ್ಕೇ ಹೆಚ್ಚಾಗಿ ಏಟು ಕೊಡುತ್ತದೆ. ಹಾಗಾಗಿ ಯಕೃತ್ತಿನ ಗೆಡ್ಡೆಯ ಡಿಎನ್‌ಎ ನೋಡಿದರೆ ಇದು ಬೂಷ್ಟಿನ ಕೆಲಸವಿರಬಹುದೇ ಎಂಬ ಸುಳಿವು ಎಷ್ಟೋ ಸಲ ಸಿಗುತ್ತದೆ. ಕಹಿ ಎನಿಸಿದ ಕಾಳನ್ನು ಉಗಿದುಬಿಡಿ.

ದೊಡ್ಡವರಾದ ಮೇಲೂ ಹಾಲು ಅರಗುವುದು ಕೂಡ ಒಂದು ಮ್ಯುಟೇಶನ್ನಿನ ಕೊಡುಗೆ. ಹಾಲು ಅರಗಿಸಿಕೊಳ್ಳುವ ಅನೇಕ ಭಾರತೀಯರಲ್ಲೂ ಯುರೋಪಿನವರಲ್ಲೂ ಬದಲಾಗಿರುವುದು ಅದೇ ಒಂದಕ್ಷರ.

ಹೃದಯದ ಸ್ನಾಯುವಿಗೆ ಬೇಕಾದ ಒಂದು ಜೀನಿನಲ್ಲಿ 25 ಅಕ್ಷರ ಬಿಟ್ಟುಹೋಗಿರುವುದು ನೂರು ಭಾರತೀಯರಲ್ಲಿ ಸುಮಾರು ನಾಲ್ವರಲ್ಲಿ ಕಂಡುಬರುತ್ತದೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2009ರಲ್ಲಿ ಇದನ್ನು ಪ್ರಕಟಿಸಿದರು. ಇಂಥ ಲೋಪದಿಂದ ಹೃದಯ ದುರ್ಬಲವಾಗಬಹುದು; ಹಾಗಾಗಿ ಮನೆಯಲ್ಲಿ ಹಿರಿಯರು ಹೃದಯ ದುರ್ಬಲವಾಗಿ ತೀರಿಕೊಂಡಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ಹೇಳಿ.

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಜನರ ಸೊಂಟದ ಕೀಲು ಸವೆದು, ನಡೆಯುವುದೇ ಕಷ್ಟವಾಗುವ ಕಾಯಿಲೆ ಕಾಣಿಸಿಕೊಂಡಿತು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣ ಎಂಬ ಅನುಮಾನ ಆಗ ಬಲವಾಗಿತ್ತು. ಮುಂದೆ ಕುಟುಂಬಗಳ ವಂಶವೃಕ್ಷ ಬರೆದು ನೋಡಿದಾಗ ತಿಳಿದದ್ದು, ಇದು ಹೆತ್ತವರಿಂದ ಮಕ್ಕಳಿಗೆ ಹರಿಯುವ ಕಾಯಿಲೆ ಎಂದು. ‘ಹಂದಿಗೋಡು ಕಾಯಿಲೆ’ ಎಂದು ವೈದ್ಯಲೋಕಕ್ಕೆ ಗೊತ್ತಾದ ಆ ಊರಿನ ಕುಟುಂಬಗಳ ನೋವು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಇನ್ನು ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್. ಹಿಮೋಗ್ಲೋಬಿನ್ ಮಾಡುವ ಜೀನಿನಲ್ಲಿ ಎ ಇರಬೇಕಾದ ಕಡೆ ಟಿ ಬಂದಿರುತ್ತದೆ, ಅಷ್ಟೇ. ಅದರಿಂದ ಪ್ರೋಟೀನಿನ ಸರಪಳಿಯ ಆರನೇ ಕೊಂಡಿ ಬದಲಾಗುತ್ತದೆ ಎಂದು ವರ್ನನ್ ಇಂಗ್ರಾಂ 1957ರಲ್ಲಿ ತೋರಿಸಿದರು. ಆಮ್ಲಜನಕ ಕಡಿಮೆಯಾದ ಕೂಡಲೇ ದುಂಡಗಿನ ಕೆಂಪು ರಕ್ತಕಣ ಬಾಗಿ, ಗಟ್ಟಿಯಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಎದ್ದು ಬರುವ ಮೂಳೆನೋವಿಗೆ ಮಕ್ಕಳು ರಾತ್ರಿಯಿಡೀ ನರಳುತ್ತಾರೆ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡಿಗಳಲ್ಲೂ ಇದೆ.

ಇಷ್ಟು ಕೆಟ್ಟ ಜೀನು ಅಳಿಯದೆ ಏಕೆ ಉಳಿಯಿತು? ಅಪ್ಪ–ಅಮ್ಮನಲ್ಲಿ ಒಬ್ಬರಿಂದ ಮಾತ್ರ ಅದು ಬಂದಿದ್ದರೆ ರೋಗ ಬರುವುದಿಲ್ಲ, ಬದಲಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. 1954ರಲ್ಲಿ ಆಂಥನಿ ಆಲಿಸನ್ ಪೂರ್ವ ಆಫ್ರಿಕದಲ್ಲಿ ಇದನ್ನು ಕಂಡರು. ಇಬ್ಬರಲ್ಲೂ ಆ ಜೀನು ಒಂದೊಂದಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು.

ಇಂಥ ಕಾಯಿಲೆಗಳಿಗೆ ಸರಿಯಾದ ಜೀನನ್ನೇ ಕೋಶಕ್ಕೆ ಸೇರಿಸುವ ಜೀನ್ ಚಿಕಿತ್ಸೆಯ ಮೊದಲ ಪ್ರಯೋಗಗಳಲ್ಲಿ ಹೆಸರಾದದ್ದು 1990ರದ್ದು. ರೋಗನಿರೋಧಕ ಶಕ್ತಿಯೇ ಇಲ್ಲದ ನಾಲ್ಕು ವರ್ಷದ ಅಮೆರಿಕದ ಹುಡುಗಿಗೆ ಅದನ್ನು ಕೊಟ್ಟರು. 1999ರಲ್ಲಿ ಅಲ್ಲೇ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ಚಿಕಿತ್ಸೆಗೆ ಬಳಸಿದ ವೈರಸ್ಸಿಗೆ ದೇಹ ತಿರುಗಿಬಿದ್ದು ತೀರಿಕೊಂಡ. ಇಡೀ ಕ್ಷೇತ್ರ ವರ್ಷಗಟ್ಟಲೆ ಹಿಂಜರಿಯಿತು.

ಸುದ್ದಿವಾಹಿನಿಗಳು ಹೇಳುವ ‘16 ಕೋಟಿ ರೂಪಾಯಿ ಇಂಜೆಕ್ಷನ್’ ಜೀನ್ ಚಿಕಿತ್ಸೆಯೇ. ನಿರಪಾಯಕಾರಿ ವೈರಸ್ಸೊಂದು ಸರಿಯಾದ ಜೀನನ್ನು ಹೊತ್ತು, ಎಸ್‌ಎಂಎ ಎಂಬ, ಸ್ನಾಯುಗಳು ಕ್ಷೀಣಿಸುವ ಆನುವಂಶಿಕ ಕಾಯಿಲೆ ಇರುವ ಮಗುವಿನ ನರಕೋಶಗಳಿಗೆ ತಲುಪಿಸುತ್ತದೆ.

ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾಕ್ಕೆ ವೆಲ್ಲೂರಿನ ಸಿಎಂಸಿ ವೈದ್ಯರು ಐವರಿಗೆ ಜೀನ್ ಚಿಕಿತ್ಸೆ ಕೊಟ್ಟ ವರದಿ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ನಮ್ಮ ಪಕ್ಕದಲ್ಲೇ ನಡೆದ ಈ ಕೆಲಸಕ್ಕೆ ಇನ್ನೂ ದೊಡ್ಡ ಸದ್ದಾಗಬೇಕಿತ್ತು.

ಕುಡಗೋಲು ಕಣ ರೋಗಕ್ಕೆ 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿದ ಕ್ಯಾಸ್ಜೆವಿ, ಡಿಎನ್‌ಎ ಕತ್ತರಿಸುವ ಕ್ರಿಸ್ಪರ್ ತಂತ್ರ ಬಳಸಿ ಒಪ್ಪಿಗೆ ಪಡೆದ ಮೊದಲ ಚಿಕಿತ್ಸೆ. ಇದು ಕುಡಗೋಲು ಕಣಕ್ಕೆ ಕಾರಣವಾದ ಅಕ್ಷರವನ್ನು ತಿದ್ದುವುದೇ ಇಲ್ಲ! ಹೊಟ್ಟೆಯಲ್ಲಿದ್ದಾಗ ಮಗು ಬೇರೊಂದು ಬಗೆಯ ಹಿಮೋಗ್ಲೋಬಿನ್ ತಯಾರಿಸುತ್ತದೆ. ಹುಟ್ಟಿದ ಮೇಲೆ ದೇಹ ಅದನ್ನು ನಿಲ್ಲಿಸುತ್ತದೆ. ರೋಗಿಯ ಅಸ್ಥಿಮಜ್ಜೆಯ ಆಕರಕೋಶಗಳನ್ನು ಹೊರತೆಗೆದು, ಆ ತಡೆಯನ್ನು ಕ್ರಿಸ್ಪರ್‌ನಿಂದ ಕತ್ತರಿಸಿ, ಮರಳಿ ಸೇರಿಸುತ್ತಾರೆ. ಹಳೆಯ ಹಿಮೋಗ್ಲೋಬಿನ್ ಮತ್ತೆ ಕೆಲಸಕ್ಕಿಳಿಯುತ್ತದೆ. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ.

ಅದೇ ಹಿಮೋಗ್ಲೋಬಿನ್ನನ್ನು ಒಂದಿಷ್ಟು ಹೆಚ್ಚಿಸುವ ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲ್ ಬಹಳ ಅಗ್ಗ. ರೋಗ ವಾಸಿಯಾಗುವುದಿಲ್ಲ, ಆದರೆ ವೈದ್ಯರ ನಿಗಾದಲ್ಲಿ ದಿನವೂ ನುಂಗಿದರೆ ನೋವು ಎದ್ದು ಬರುವುದು ಎಷ್ಟೋ ಕಡಿಮೆಯಾಗುತ್ತದೆ. ಅದನ್ನು ಬರೆದುಕೊಡಬೇಕಾದರೆ ಮೊದಲು ರೋಗ ಇದೆಯೆಂದು ಗೊತ್ತಾಗಬೇಕು. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ, ಈ ರೋಗದ ರಾಷ್ಟ್ರೀಯ ಯೋಜನೆ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತ್ತು. ಮೊದಲ ಪರೀಕ್ಷೆಗೆ ಬೆರಳ ತುದಿಯ ಒಂದು ಹನಿ ರಕ್ತ ಸಾಕು.